ನಾಟಕದ ಮಾಸ್ತರ ಹೆಸರೂ ಬರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ರೋಣ ತಾಲ್ಲೂಕಿನ ಒಂದು ಜಾತ್ರೆ ನಾಟಕದ ಸುದ್ದಿ ಓದಿದೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ವೇದಿಕೆ ಮೇಲೆ ಕೂತವರು ಸೇರಿ 11 ಜನರ ಹೆಸರಿತ್ತು. ನಾಟಕ ಕಲಿಸಿದ ಮಾಸ್ತರ ಹೆಸರು ಎಲ್ಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನಮ್ಮಪ್ಪ ನಾಟಕದ ಮಾಸ್ತರರು. ಸಣ್ಣವರಿದ್ದಾಗ ಕಂಪನಿ ಸೇರಿ ಸ್ತ್ರೀ ಪಾರ್ಟು ಮಾಡುತ್ತಿದ್ದರು. ದನಿ ಒಡೆದ ಮೇಲೆ ಪಾರ್ಟು ಹೋಯಿತು, ಕಾಲುಪೇಟಿ, ಅಂದರೆ ಕಾಲಿನಿಂದ ಗಾಳಿ ತುಂಬಿ ನುಡಿಸುವ ಹಾರ್ಮೋನಿಯಂ, ಕೈಗೆ ಬಂತು. ಆಮೇಲೆ 40 ವರ್ಷ, ಸುಗ್ಗಿ ಮುಗಿದ ಕೂಡಲೇ ಪೇಟಿ ಬಸ್ಸಿನ ಮೇಲೆ ಹಾಕಿ ಊರೂರು ತಿರುಗಿ ನಾಟಕ ಕಲಿಸಿದರು. ದಿನವಿಡೀ ಹೊಲದಲ್ಲಿ ದುಡಿದು ಬಂದವರಿಗೆ ರಾತ್ರಿ ಗುಡಿಯಲ್ಲಿ ತಾಲೀಮು. ಓದು ಬಾರದವರಿಗೆ ಮಾತನ್ನೆಲ್ಲ ಬಾಯಿಂದಲೇ ಹೇಳಿಕೊಡಬೇಕು. ಯಾವ ಕಡೆಯಿಂದ ಬರಬೇಕು, ಎಲ್ಲಿ ನಿಲ್ಲಬೇಕು, ಗದೆ ಯಾವ ಹೆಗಲ ಮೇಲಿರಬೇಕು, ಎಲ್ಲ ಅವರದೇ ಲೆಕ್ಕ.

ಹಾಡಿನ ನಾಟಕದಲ್ಲಿ ಒಂದು ಕಷ್ಟದ ಜಾಗ ಇದೆ. ಮಾತು ಮುಗಿದು ಹಾಡು ಶುರುವಾಗುವ ಜಾಗ. ಅಲ್ಲಿ ನಟ ತಡವರಿಸಿದರೆ ಅಳುವ ಸೀನಿಗೂ ಜನ ನಗುತ್ತಾರೆ. ಇನ್ನೂ ಎರಡು ಸಾಲು ಮಾತು ಇರುವಾಗಲೇ ಅಪ್ಪ ಪೇಟಿಯಲ್ಲಿ ಸಣ್ಣಗೆ ಸ್ವರ ಹಿಡಿಯುತ್ತಿದ್ದರು. ಮಾತಿನ ಕೊನೆಯ ಪದ ಆ ಸ್ವರದ ಮೇಲೇ ಬಂದು ಕೂರುತ್ತಿತ್ತು. ಹಾಡು ಯಾವಾಗ ಶುರುವಾಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ. ಅವರ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ಪ್ರತಿ ಹಾಡಿನ ಪಕ್ಕ ಕೆಂಪು ಪೆನ್ಸಿಲಿನಲ್ಲಿ ಹಾಡುವವನ ಶ್ರುತಿ ಪೇಟಿಯ ಯಾವ ಮನೆ ಅಂತ ಬರೆದಿದ್ದಾರೆ: ‘ಕಪ್ಪು ಎರಡು’, ‘ಬಿಳಿ ನಾಲ್ಕು’. ಒಂದು ಪುಟದಲ್ಲಿ ‘ಅರ್ಜುನನ ಗಂಟಲು ಕಟ್ಟಿದೆ, ಇವತ್ತು ಇಳಿಸು’ ಅಂತ ಇದೆ.

1870ರ ದಶಕದಲ್ಲಿ, ಮರಾಠಿ ನಾಟಕಗಳ ಅಬ್ಬರದ ನಡುವೆ, ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದ್ದು ಇದೇ ಗದುಗಿನಲ್ಲಿ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯೂ ಇಲ್ಲಿಯದೇ. ಅಂಧರಿಗೆ ಸಂಗೀತ ಕಲಿಸುವ ಇಲ್ಲಿನ ವೀರೇಶ್ವರ ಪುಣ್ಯಾಶ್ರಮದ ನಾಟಕ ಸಂಘದಲ್ಲಿ ಅಂಧ ಕಲಾವಿದರೂ ಪಾರ್ಟು ಮಾಡುತ್ತಿದ್ದರು. ಕಣ್ಣು ಕಾಣದವರನ್ನು ರಂಗದ ಮೇಲೆ ನಡೆಸಲು ಕಲಿಸುವವರಿಗೆ ಎಷ್ಟು ತಾಳ್ಮೆ ಬೇಕು, ಅಲ್ವಾ? ಆ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳ ಹೆಸರು ಬಂದರೆ ಅಪ್ಪ ಪೇಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಎಪ್ಪತ್ತು ದಾಟಿದ ಮೇಲೆ ಅಪ್ಪ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದರು. ಕಚೇರಿಯಲ್ಲಿ ಹ್ಯಾಂಡ್‌ಬಿಲ್, ಪತ್ರಿಕೆಯ ತುಣುಕು ಕೇಳಿದರು. ಟ್ರಂಕಿನಲ್ಲಿ 26 ತುಣುಕು ಸಿಕ್ಕವು. ಅಪ್ಪನ ಹೆಸರಿದ್ದದ್ದು ಎರಡರಲ್ಲಿ, ಒಂದರಲ್ಲಿ ಅದೂ ತಪ್ಪು. ಅರ್ಜಿ ವಾಪಸ್ ಬಂತು. ಇನ್ನೊಮ್ಮೆ ಹಾಕೋಣ ಅಂದರೆ ಅವರು ಒಪ್ಪಲಿಲ್ಲ. ಈಗ ಅವರಿಲ್ಲ.

ನಮ್ಮ ಕಡೆ ಪೇಟಿ ಹೊತ್ತು ತಿರುಗುವ ಮಾಸ್ತರರು ಇನ್ನೂ ಇದ್ದಾರೆ. ದಯವಿಟ್ಟು ನಿಮ್ಮ ವರದಿಗಾರರಿಗೆ ಹೇಳಿ. ಜಾಸ್ತಿ ಏನೂ ಬೇಡ, ‘ಕಲಿಸಿದವರು ಇಂಥವರು, ಇಂಥ ಊರಿನವರು’ ಅಂತ ಅರ್ಧ ಸಾಲು ಸಾಕು. ಕಮಿಟಿಯವರು ಹೇಳದಿದ್ದರೂ ಕೇಳಿ ಬರೆದುಕೊಳ್ಳಲಿ. ರೋಣದ ಆ ನಾಟಕ ಕಲಿಸಿದವರು ಯಾರು ಅಂತಲೂ ವಿಚಾರಿಸಿ, ಮುಂದಿನ ವಾರವಾದರೂ ಅವರ ಹೆಸರು ಹಾಕಿ.

– ಮಾಸ್ತರ ಮಗಳು, ಬೆಟಗೇರಿ, ಗದಗ