ಪ್ರವಾಸದ ಚೀಟಿ ಇನ್ನೂ ಬಂದಿಲ್ಲ

ಪ್ರಿಯ ಪೋಷಕರೇ,

ನಮಸ್ಕಾರ. ಕೊನೆ ಕೊಯ್ಲಿನ ಸಮಯ. ಹಗಲೆಲ್ಲ ತೋಟ, ರಾತ್ರಿ ಅಡಿಕೆ ಸುಲಿಯುವ ಕೆಲಸ. ಇದರ ಮಧ್ಯೆ ಶಾಲೆಯ ಕಾಗದ ಓದೋಕೆ ಪುರುಸೊತ್ತು ಎಲ್ಲಿ ಅಂತ ಗೊತ್ತು. ಆದರೂ ಇದನ್ನು ಪೂರ್ತಿ ಓದಿ.

ಹೋದ ವಾರ ಒಬ್ಬ ತಂದೆ ಫೋನ್ ಮಾಡಿದ್ದರು. "ಎಂತ ಕಲಿಸ್ತಿದ್ದೀರಿ ಮೇಡಂ? ಊಟಕ್ಕೆ ಕೂತಾಗ ಮಗಳು ತೋಟದ ಪಹಣಿಯಲ್ಲಿ ಅಮ್ಮನ ಹೆಸರು ಯಾಕಿಲ್ಲ ಅಂತ ಕೇಳ್ತಾಳೆ. ಎಲ್ಲೋ ರಾಣಿ ಗಡ್ಡ ಕಟ್ಟಿಕೊಂಡಿದ್ದಳಂತೆ. ಇದೆಲ್ಲ ಎಸ್ಸೆಸ್ಸೆಲ್ಸಿಗೆ ಬರ್ತದಾ?" ಬರಲ್ಲ ಅಂತ ಒಪ್ಪಿಕೊಂಡೆ. ಪಹಣಿ ವಿಷಯಕ್ಕೆ ಉತ್ತರ ನಮ್ಮ ಶಾಲೆಯಲ್ಲಿಲ್ಲ, ನಿಮ್ಮನೆಯಲ್ಲೇ ಇದೆ ಅಂತಲೂ ಹೇಳಿದೆ. ಗಡ್ಡದ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ ಪ್ರಶ್ನೆಯಿಂದ ಇದೆಲ್ಲ ಶುರುವಾಯಿತು. "ಪಾಠದಲ್ಲಿ ರಾಣಿಯರು ಯಾಕೆ ಯಾವಾಗಲೂ ಗಂಡ ಸತ್ತ ಮೇಲೇ ಬರ್ತಾರೆ?" ನಮ್ಮ ಸಮಾಜ ವಿಜ್ಞಾನದ ಶಿಕ್ಷಕರ ಹತ್ತಿರ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ. ಹುಡುಕುತ್ತಾ ಹೋದರೆ ದೇಶ ಯಾವುದಾದರೂ ಸಿಂಹಾಸನದ ಹಿಂದೆ ದೇವರೋ, ಗುರುವೋ, ಶಾಸ್ತ್ರವೋ ನಿಂತಿರುತ್ತಿತ್ತು. ಹೆಣ್ಣು ಅಲ್ಲಿ ಕೂರಬಾರದು ಅನ್ನೋರು ಅದನ್ನೇ ತೋರಿಸುತ್ತಿದ್ದರು. ಕೂರಬೇಕು ಅಂದುಕೊಂಡ ಹೆಣ್ಣೂ ಕೊನೆಗೆ ಹೋಗಿದ್ದು ಅದರ ಹತ್ತಿರಕ್ಕೇ.

ಈಜಿಪ್ಟಿನ ಹ್ಯಾಟ್‌ಶೆಪ್ಸುಟ್ ಸುಮಾರು 3,500 ವರ್ಷಗಳ ಹಿಂದಿನವಳು. ಮಲಮಗ ಚಿಕ್ಕವನು ಅಂತ ಮೊದಲು ಅವನ ಪರವಾಗಿ ಆಳಿದಳು, ಆಮೇಲೆ ತಾನೇ ಫೇರೋ, ಅಂದರೆ ಅಲ್ಲಿನ ದೊರೆ, ಆದಳು. ತನ್ನ ದೇವಸ್ಥಾನದ ಗೋಡೆಯ ಮೇಲೆ ಆಮುನ್ ದೇವರೇ ತನ್ನ ತಂದೆ ಅಂತ ಕತೆ ಕೆತ್ತಿಸಿದಳು. ಅವಳ ಎಷ್ಟೋ ಮೂರ್ತಿಗಳಿಗೆ ಗಡ್ಡ ಇದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಗಂಡು ಫೇರೋಗಳದ್ದೂ ಕಟ್ಟಿಕೊಂಡ ಗಡ್ಡವೇ ಅಂತ ಹೇಳಿದ ಮೇಲೆ ಕ್ಲಾಸು ಸುಮ್ಮನಾಯಿತು. ಗಡ್ಡ ಇದ್ದದ್ದು ಪಟ್ಟಕ್ಕೆ, ಗಂಡಸಿಗಲ್ಲ. ನಮ್ಮ ಕಡೆ ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಕಟ್ಟಿದರೆ ಬೆಳಗಿನ ತನಕ ಕೂತು ನೋಡ್ತೀವಿ, ಅಲ್ವಾ? ಹ್ಯಾಟ್‌ಶೆಪ್ಸುಟ್ ಸತ್ತು ಕೆಲವು ವರ್ಷಗಳಾದ ಮೇಲೆ ಅವಳ ಹೆಸರನ್ನು ಗೋಡೆಗಳಿಂದ ಕೆತ್ತಿ ತೆಗೆದರು.

ಚೀನಾದ ವು ಝೆಟಿಯಾನ್ 690ರಲ್ಲಿ ಸಾಮ್ರಾಟಳಾದಳು. ಅಲ್ಲಿನ ಹಳೆಯ ಗುರು ಕನ್‌ಫ್ಯೂಷಿಯಸ್‌ನ ಪಂಥದವರ ಪ್ರಕಾರ ಅದು ಆಗಬಾರದ ಕೆಲಸ. ಅವಳು ಬೌದ್ಧ ಭಿಕ್ಷುಗಳ ಬೆಂಬಲ ಪಡೆದಳು. ಹೆಣ್ಣೊಬ್ಬಳು ಆಳುತ್ತಾಳೆ ಅಂತ ಬೌದ್ಧರ ಧರ್ಮಗ್ರಂಥದಲ್ಲೇ ಇದೆ ಎಂದು ಅವರು ಅರ್ಥ ಹೇಳಿಕೊಟ್ಟರು.

ನನಗೆ ಜಾಸ್ತಿ ಇಷ್ಟವಾದದ್ದು ಇಂಗ್ಲೆಂಡಿನ ಕತೆ. 1534ರಲ್ಲಿ ಎಂಟನೇ ಹೆನ್ರಿ ತನ್ನನ್ನು ಅಲ್ಲಿನ ಚರ್ಚಿನ 'ಸರ್ವೋಚ್ಚ ಮುಖ್ಯಸ್ಥ' ಅಂತ ಮಾಡಿಕೊಂಡ. 1559ರಲ್ಲಿ ಮಗಳು ಎಲಿಜಬೆತ್‌ಳ ಸರದಿ ಬಂದಾಗ, ಹೆಣ್ಣು ಚರ್ಚಿನ ಮುಖ್ಯಸ್ಥಳಾಗೋದು ಹೇಗೆ ಅಂತ ಹಲವರಿಗೆ ಕಸಿವಿಸಿ. ಹಾಗಾಗಿ 'ಸರ್ವೋಚ್ಚ ಗವರ್ನರ್' ಅಂತ ಪದ ಬದಲಿಸಿದರು. ಅಧಿಕಾರ ಹೆಚ್ಚುಕಡಿಮೆ ಅದೇ, ಹೆಸರು ಮಾತ್ರ ಬೇರೆ. ನಮ್ಮ ಎಷ್ಟೋ ಪಂಚಾಯ್ತಿಗಳಲ್ಲಿ ಇದು ಉಲ್ಟಾ: ಅಧ್ಯಕ್ಷೆ ಅನ್ನೋ ಹೆಸರು ಹೆಂಡತಿಗೆ, ಕುರ್ಚಿ ಗಂಡನಿಗೆ. ಇದನ್ನು ನಾನು ಹೇಳಿದ್ದಲ್ಲ, ಹಿಂದಿನ ಬೆಂಚಿನಿಂದ ಬಂತು.

ಧರ್ಮವೇ ಕೊಟ್ಟಿದ್ದೂ ಇದೆ, ಕಿತ್ತುಕೊಂಡಿದ್ದೂ ಇದೆ. ದೇವರ ಅಪ್ಪಣೆ ಅಂತ ಸೈನ್ಯದ ಜೊತೆ ಯುದ್ಧಕ್ಕೆ ಹೋದ ಫ್ರಾನ್ಸಿನ ಹುಡುಗಿ ಜೋನ್ ಆಫ್ ಆರ್ಕ್‌ಳನ್ನು ಚರ್ಚಿನ ನ್ಯಾಯಾಲಯ ತಪ್ಪಿತಸ್ಥಳು ಅಂದಿತು, 1431ರಲ್ಲಿ ಸುಟ್ಟರು. ಗಂಡಸರ ಬಟ್ಟೆ ತೊಟ್ಟಿದ್ದೂ ಆರೋಪಗಳಲ್ಲಿ ಒಂದು. 1920ರಲ್ಲಿ ಅದೇ ಕ್ಯಾಥೊಲಿಕ್ ಚರ್ಚು ಅವಳನ್ನು ಸಂತಳೆಂದು ಸಾರಿತು.

ಇಷ್ಟೆಲ್ಲ ದೂರ ಹೋದ ಮಕ್ಕಳು ಕೊನೆಗೆ ನಮ್ಮ ಊರುಗಳಿಗೇ ಬಂದು ನಿಂತರು. ಜೋಗದ ಕೆಳಗೆ ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿ ಜೈನಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಎಂದೇ ಕರೆಯುತ್ತಿದ್ದರು. ಅವಳನ್ನು ಸೋಲಿಸಿದ್ದು ನಮ್ಮ ಕೆಳದಿಯವರು. ಕೆಳದಿಯ ಸೆರೆಯಲ್ಲೇ ತೀರಿಕೊಂಡಳು ಅಂತಾರೆ. ಅದೇ ಕೆಳದಿಯನ್ನು 1672ರಿಂದ ಸುಮಾರು 25 ವರ್ಷ ಚೆನ್ನಮ್ಮ ಆಳಿದಳು. ಅವಳೂ ಗಂಡ ಸತ್ತ ಮೇಲೆ ಬಂದವಳೇ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಶರಣು ಬಂದಾಗ ಔರಂಗಜೇಬನ ಸೈನ್ಯ ಬರುತ್ತದೆ ಅಂತ ಗೊತ್ತಿದ್ದೂ ಆಶ್ರಯ ಕೊಟ್ಟಳು. ಹನ್ನೆರಡನೇ ಶತಮಾನದ ಉಡುತಡಿಯ ಅಕ್ಕಮಹಾದೇವಿ ಮಾತ್ರ ಬೇರೆಯೇ ದಾರಿ ಹಿಡಿದಳು. ಅವಳು ಪಟ್ಟ ಕೇಳಲಿಲ್ಲ. ಕೌಶಿಕ ರಾಜನ ಅರಮನೆಯನ್ನೇ ಬಿಟ್ಟು ಚೆನ್ನಮಲ್ಲಿಕಾರ್ಜುನನೇ ಗಂಡ ಅಂತ ಒಬ್ಬಳೇ ಹೊರಟಳು.

ಅದಕ್ಕೇ ಈ ಸಲದ ಪ್ರವಾಸ ಉಡುತಡಿ, ಬಳ್ಳಿಗಾವಿ, ಕೆಳದಿಗೆ. ಗಂಡುಮಕ್ಕಳ ಒಪ್ಪಿಗೆ ಚೀಟಿ ಎಲ್ಲ ಬಂದಿವೆ. ಹೆಣ್ಣುಮಕ್ಕಳದ್ದು 11 ಬಂದಿಲ್ಲ.

ವಿಚಾರಿಸಿದೆ. ಸುಲಿಯೋಕೆ ಜನ ಸಿಗಲ್ಲ, ನೆಂಟರು ಬರ್ತಾರೆ, ಅಷ್ಟು ದೂರ ಯಾಕೆ. ಸುಲಿಯೋಕೆ ಜನ ಸಿಗದಿರೋದು ನಿಜ, ನಮ್ಮನೆಯಲ್ಲೂ ಅದೇ ಗೋಳು. ಆದರೆ ಮಗ ಒಂದು ದಿನ ಇಲ್ಲದಿದ್ದರೂ ನಡೆಯುವ ಕೆಲಸ ಮಗಳು ಇಲ್ಲದಿದ್ದರೆ ಯಾಕೆ ನಿಲ್ಲುತ್ತದೆ? ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಬೇಲೂರಿಗೆ ಅಣ್ಣನನ್ನು ಕಳಿಸಿದರು, ನನ್ನನ್ನು ಕಳಿಸಲಿಲ್ಲ. ಅವನು ಬಂದು ಬಸ್ಸಿನಲ್ಲಿ ಹಾಡಿದ್ದನ್ನೇ ಹೇಳಿದ, ದೇವಸ್ಥಾನ ಹೇಗಿತ್ತು ಅಂದರೆ "ಕಲ್ಲು" ಅಂದ.

ಬಸ್ಸು ಶನಿವಾರ ಬೆಳಗ್ಗೆ ಏಳಕ್ಕೆ ಹೊರಡುತ್ತದೆ, ದೀಪ ಹಚ್ಚೋ ಹೊತ್ತಿಗೆ ವಾಪಸ್. ಮೂವರು ಶಿಕ್ಷಕಿಯರು ಜೊತೆಗಿರುತ್ತಾರೆ, ನಾನೂ ಇರುತ್ತೇನೆ. ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಡಿ. ಗುರುವಾರದೊಳಗೆ ಚೀಟಿ ಕಳಿಸಿ.

ಹಳೆಯ ಚೀಟಿಯಲ್ಲಿ 'ತಂದೆಯ ಸಹಿ' ಅಂತ ಮಾತ್ರ ಅಚ್ಚಾಗಿತ್ತು. ಇಷ್ಟು ವರ್ಷ ಅದನ್ನು ಹಂಚಿದವಳು ನಾನೇ, ಗಮನಿಸಿರಲಿಲ್ಲ, ಒಬ್ಬ ಹುಡುಗಿ ತೋರಿಸಿದಳು. ಹೊಸ ಚೀಟಿ ಇದರ ಜೊತೆಗಿದೆ. ಅಮ್ಮ ಸಹಿ ಹಾಕಿದರೂ ನಡೆಯುತ್ತದೆ.

ನಿಮ್ಮ,
ಮುಖ್ಯ ಶಿಕ್ಷಕಿ