ಬೆಟ್ಟಿಂಗ್ ರೇಟಿನ ಲೆಕ್ಕ ಮಕ್ಕಳಿಗೆ ಬಿಡಿಸಿ ಹೇಳಿ

ಮಾನ್ಯ ಸಂಪಾದಕರೇ,

ಓ.ಸಿ., ಮಟ್ಕಾ ಅನ್ನೋ ನಂಬರ್ ಜೂಜಿನ ಮೇಲೆ ರೇಡ್ ಆದ ಸುದ್ದಿ ಜಿಲ್ಲಾ ಪುಟದಲ್ಲಿ ಆಗಾಗ ಬರ್ತದೆ, ಇಷ್ಟು ಜನ ಸಿಕ್ಕಿಬಿದ್ರು, ಇಷ್ಟು ದುಡ್ಡು ಜಪ್ತಿ ಆಯ್ತು, ಅಲ್ಲಿಗೆ ಮುಗೀತು. ಆದ್ರೆ ನಮ್ಮ ಶಿರಸಿ, ಕುಮಟಾ, ಕಾರವಾರ ಕಡೆ ಹುಡುಗ್ರ ಮೊಬೈಲಲ್ಲಿ ಈಗ ಬರ್ತಿರೋದು ಬೇರೆನೇ. ಕ್ರಿಕೆಟ್ ಇಲ್ದಿದ್ರೆ ಅಮೆರಿಕನ್ ಫುಟ್‌ಬಾಲ್ ರೇಟ್ ನೋಡ್ತಾ ಕೂರೋರಿದ್ದಾರೆ, ಅಲ್ಲಿ ಭಾನುವಾರ ಮಧ್ಯಾಹ್ನ ನಡಿಯೋ ಮ್ಯಾಚು ನಮಗೆ ನಡುರಾತ್ರಿ. "ಮೈನಸ್ 7", "ಪ್ಲಸ್ 130" ಅಂತ ಮಾತಾಡ್ತಾರೆ, ಹಾಗಂದ್ರೆ ಏನೋ ತಮ್ಮಾ ಅಂತ ಕೇಳಿದ್ರೆ ಸರಿಯಾಗಿ ಹೇಳೋರು ಕಮ್ಮಿ.

ಮೈನಸ್ 7 ಅಂದ್ರೆ ಆ ಟೀಮು ಬರೀ ಗೆದ್ರೆ ಸಾಲ್ದು, 7 ಪಾಯಿಂಟಿಗಿಂತ ಜಾಸ್ತಿ ಅಂತರದಲ್ಲಿ ಗೆಲ್ಬೇಕು. 2005ರ ಸೂಪರ್ ಬೌಲ್, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಲೀಗಿನ ಫೈನಲ್ ನೋಡಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 7 ಪಾಯಿಂಟಿನ ಫೇವರಿಟ್, ಫಿಲಡೆಲ್ಫಿಯಾ ಈಗಲ್ಸ್ ಮೇಲೆ 24-21ಕ್ಕೆ ಗೆದ್ರು, ಕಪ್ಪೂ ಬಂತು, ಆದ್ರೆ ಮೈನಸ್ 7 ಮೇಲೆ ದುಡ್ಡು ಕಟ್ಟಿದವರು ಸೋತ್ರು. ಈ ಆಟದಲ್ಲಿ ಫೀಲ್ಡ್ ಗೋಲಿಗೆ 3, ಟಚ್‌ಡೌನಿಗೆ 6, ಅದ್ರ ಮೇಲೆ ಕಿಕ್ ಹೊಡೆದ್ರೆ ಇನ್ನೊಂದು, ಹಾಗಾಗಿ ಮ್ಯಾಚುಗಳು 3 ಅಥವಾ 7ರ ಅಂತರದಲ್ಲಿ ಮುಗಿಯೋದು ತುಂಬಾ, ಮೈನಸ್ 2.5ಕ್ಕೂ ಮೈನಸ್ 3.5ಕ್ಕೂ ಒಂದೇ ಪಾಯಿಂಟ್ ವ್ಯತ್ಯಾಸ ಅಂತ ತಳ್ಳಿಹಾಕೋ ಹಾಗಿಲ್ಲ, 3ರಿಂದ ಗೆದ್ರೆ ಮೊದಲನೇದು ಗೆಲ್ತದೆ, ಎರಡನೇದು ಸೋಲ್ತದೆ.

ನಾನು ಮುಖ್ಯವಾಗಿ ಹೇಳ್ಬೇಕಾಗಿದ್ದು ಇದಲ್ಲ, ಮೈನಸ್ 110 ಅನ್ನೋ ರೇಟು. ಪಾಯಿಂಟ್ ಅಂತರದ ಬೆಟ್ಟಿಗೆ ಸಾಮಾನ್ಯವಾಗಿ ಎರಡೂ ಕಡೆಗೂ ಇದೇ ಇರ್ತದೆ, 110 ರೂಪಾಯಿ ಕಟ್ಟಿದ್ರೆ ಗೆದ್ದಾಗ ಸಿಗೋ ಲಾಭ 100. ಕ್ರಿಕೆಟ್ ಆ್ಯಪುಗಳಲ್ಲಿ ಕಾಣೋ 1.91 ಅಂದ್ರೂ ಇದೇ, ಗೆದ್ರೆ ಕಟ್ಟಿದ ಒಂದು ರೂಪಾಯಿಗೆ ಅಸಲೂ ಸೇರಿ 1.91 ವಾಪಸ್. ಇಪ್ಪತ್ತು ಸಲ ಕಟ್ಟಿ ಸರಿಯಾಗಿ ಹತ್ತು ಗೆದ್ದು ಹತ್ತು ಸೋತವನಿಗೆ 1000 ಬಂದು 1100 ಹೋಗ್ತದೆ. ಕಳ್ಕೊಳ್ಳದೆ ಇರ್ಬೇಕಂದ್ರೇನೇ 21ರಲ್ಲಿ 11 ಗೆಲ್ಬೇಕು, ಅಂದ್ರೆ ನೂರಕ್ಕೆ 52.4, ಅದನ್ನ ವರ್ಷಗಟ್ಟಲೆ ಹಿಡಿದಿಡೋದು ಆಟ ಅರೆದು ಕುಡಿದವರಿಗೂ ಕಷ್ಟ. ಯಾರು ಗೆಲ್ತಾರೆ ಅನ್ನೋ ಬೆಟ್ಟಲ್ಲೂ ಹಾಗೇ, ಒಂದು ಟೀಮು ಮೈನಸ್ 150 ಅಂದ್ರೆ 150 ಕಟ್ಟಿದ್ರೆ 100 ಲಾಭ, ಗೆಲ್ಲೋ ಸಾಧ್ಯತೆ 250ರಲ್ಲಿ 150, ನೂರಕ್ಕೆ 60 ಅಂತ ಲೆಕ್ಕ, ಎದುರಿನದು ಪ್ಲಸ್ 130 ಅಂದ್ರೆ 100 ಕಟ್ಟಿದ್ರೆ 130 ಲಾಭ, ಸಾಧ್ಯತೆ 230ರಲ್ಲಿ 100, ನೂರಕ್ಕೆ 43.5, ಕೂಡಿಸಿ ನೋಡಿ 103.5 ಆಗ್ತದೆ, ನೂರರ ಮೇಲಿರೋ ಆ ಮೂರೂವರೆಯೇ ಬುಕ್ಕಿಯ ದಲಾಲಿ. ಅಡಿಕೆ ವಖಾರಿಯಲ್ಲಿ ದಲಾಲಿ ಎಷ್ಟು ಅಂತ ಪಟ್ಟಿಯಲ್ಲಿ ಬರೆದಿರ್ತದೆ, ಇಲ್ಲಿ ರೇಟಿನ ಒಳಗೇ ಅಡಗಿರ್ತದೆ.

ಮೂರು ಮ್ಯಾಚ್ ಒಟ್ಟಿಗೆ ಕಟ್ಟೋ ಪಾರ್ಲೇ ಅಂತೂ ಹುಡುಗ್ರಿಗೆ ಭಾರಿ ಆಸೆ ಹಚ್ತದೆ. ಒಂದೊಂದೂ ಅರ್ಧಕ್ಕರ್ಧ ಅಂತ ಇಟ್ಕೊಂಡ್ರೆ ಮೂರೂ ಸರಿ ಬರೋ ಸಾಧ್ಯತೆ ಎಂಟರಲ್ಲಿ ಒಂದು, ನ್ಯಾಯವಾಗಿ 100ಕ್ಕೆ 700 ಲಾಭ ಕೊಡ್ಬೇಕು, ಕೊಡೋದು ಹೆಚ್ಚುಕಮ್ಮಿ 600. ಒಂದೊಂದೇ ಕಟ್ಟೋದಕ್ಕಿಂತ ಇಲ್ಲಿ ಕಡಿತ ಜಾಸ್ತಿ, ಆದ್ರೆ ಆರುನೂರು ಅನ್ನೋ ನಂಬರು ದೊಡ್ಡದಾಗಿ ಕಾಣ್ತದಲ್ಲ, ಕಣ್ಣು ಅಲ್ಲೇ ನಿಲ್ತದೆ.

ಅಮೆರಿಕದಲ್ಲಿ 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಕ್ರೀಡಾ ಬೆಟ್ಟಿಂಗಿಗೆ ರಾಜ್ಯಗಳು ಒಪ್ಪಿಗೆ ಕೊಡದ ಹಾಗೆ ತಡೆದಿದ್ದ 1992ರ ಕಾಯ್ದೆ ರದ್ದು ಮಾಡಿದ ಮೇಲೆ ಒಂದೊಂದೇ ರಾಜ್ಯ ಇದಕ್ಕೆ ಒಪ್ಪಿಗೆ ಕೊಡ್ತಾ ಬಂತು. ನಮ್ಮಲ್ಲಿ 2025ರ ಆಗಸ್ಟಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾಯ್ದೆ ಪಾಸ್ ಮಾಡ್ತು, ಅದು ಬೇಕಾಗಿತ್ತು. ಆದ್ರೆ ಕಾನೂನು ಇದೆ, ಜೂಜು ಕೆಟ್ಟದ್ದು ಅಂತ ಎಷ್ಟು ಸಲ ಹೇಳಿದ್ರೂ "ನನಗೆ ಗೇಮ್ ಗೊತ್ತು" ಅನ್ನೋ ಹುಡುಗನ ಕಿವಿಗೆ ಹೋಗಲ್ಲ, ಆಟ ಗೊತ್ತಿದ್ರೂ ರೇಟು ಮೊದಲೇ ಅವನ ವಿರುದ್ಧ ಇದೆ ಅನ್ನೋದನ್ನ ಕೂಡಿಸಿ ಕಳೆದು ತೋರಿಸ್ಬೇಕು. ಪಿಯುಸಿ ಗಣಿತದಲ್ಲಿ ಸಂಭವನೀಯತೆ ಪಾಠ ಹೇಗೂ ಇದೆ, ದಾಳ, ಇಸ್ಪೀಟ್ ಎಲೆ, ಬುಟ್ಟಿಯ ಚೆಂಡಿನ ಲೆಕ್ಕದ ಜೊತೆ ಈ ಮೈನಸ್ 110ರ ಲೆಕ್ಕಾನೂ ಒಂದು ಬಿಡಿಸಿದ್ರೆ ಒಂದು ಪೀರಿಯಡ್ ಸಾಕು, ಜಿಲ್ಲೆಯ ಲೆಕ್ಚರರುಗಳು ದಯವಿಟ್ಟು ಯೋಚನೆ ಮಾಡಿ. ಹಾಗೇ ನಿಮ್ಮ ಪತ್ರಿಕೆನೂ ಮುಂದಿನ ಸಲ ರೇಡ್ ಸುದ್ದಿ ಹಾಕಿದಾಗ ಪಕ್ಕದಲ್ಲಿ ಒಂದು ಸಣ್ಣ ಬಾಕ್ಸ್ ಮಾಡಿ ಆ ಆಟದ ರೇಟಲ್ಲಿ ಬುಕ್ಕಿಗೆ ಎಷ್ಟು ಹೋಗ್ತದೆ ಅಂತ ಅಂಕಿ ಸಮೇತ ಹಾಕಿ.

ಇತಿ,
ನಿಮ್ಮ ಓದುಗ, ಶಿರಸಿ