ಬಾಗಿಲು ಮುಚ್ಚಿಸೋದು ನೀವು, ಬಿಲ್ಲು ಕಟ್ಟೋದು ನಾವು: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯೋ ರಸ್ತೆಲಿ ಎಂಟು ರೂಮಿನ ಸಣ್ಣ ಲಾಡ್ಜು, ಕೆಳಗೆ ಊಟದ ಹೋಟ್ಲು ನಮ್ದು. ಅಡುಗೆ ಮನೆ ನಮ್ಮ ಯಜಮಾನ್ರದ್ದು, ಗಲ್ಲಾ ನಂದು. ಎಲೆಕ್ಷನ್ ಟೈಮಲ್ಲಿ ತಮ್ಮ ಹುಡುಗ್ರು ಬಂದು ಬೆಲ್ಲದ ಕಾಫಿ ಕುಡಿದು "ಏನಾದ್ರೂ ಕಷ್ಟ ಇದ್ರೆ ಹೇಳಿ ಅಕ್ಕ" ಅಂದಿದ್ರು, ಈಗ ಹೇಳ್ತಾ ಇದ್ದೀನಿ.

ಮಳೆಗಾಲದಲ್ಲಿ ಪ್ರವಾಸಿಗರು ಬರಬಾರದು ಅಂತ ಆದೇಶ ಮಾಡಿದ ದಿನಗಳಿಗೆ, ರಸ್ತೆ ಬಂದ್ ಮಾಡಿದ ದಿನಗಳಿಗೆ ನಮ್ಮ ಹತ್ರ ಕರೆಂಟಿನ ಫಿಕ್ಸೆಡ್ ಚಾರ್ಜು, ಲೈಸೆನ್ಸ್ ಫೀಸು ತಗೋಬೇಡಿ. ಇಷ್ಟೇ ಸಾರ್. ಪರಿಹಾರ ಕೇಳ್ತಾ ಇಲ್ಲ, ಸಾಲ ಅಂತೂ ಬೇಡವೇ ಬೇಡ, ಇರೋದೇ ತೀರಿಲ್ಲ.

2018ರ ಆಗಸ್ಟ್ ತಮಗೆ ನೆನಪಿರಬೇಕು. ನಮ್ಮ ಕೊಡಗಿನ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಕ್ಕೆ ಗುಡ್ಡವೇ ಕೆಳಗೆ ಬಂತು, ಪ್ರವಾಸಿಗರು ಬರೋದು ಬೇಡ ಅಂತ ಆದೇಶ ಆಯ್ತು, ಸರಿ, ಜೀವ ಮುಖ್ಯ, ನಾವೇ ಫೋನ್ ಮಾಡಿ ಬುಕಿಂಗ್ ಕ್ಯಾನ್ಸಲ್ ಮಾಡಿ ಅಡ್ವಾನ್ಸ್ ವಾಪಸ್ ಹಾಕಿದ್ವಿ. ಮರುವರ್ಷ ತೋರ ಅನ್ನೋ ಊರಲ್ಲಿ ಗುಡ್ಡ ಕುಸೀತು. 2020ರಲ್ಲಿ ಕೊರೋನಾ, ಅದೇ ವರ್ಷ ಆಗಸ್ಟಲ್ಲಿ ತಲಕಾವೇರಿಲಿ ಗುಡ್ಡ ಕುಸೀತು. 2024ರ ಜುಲೈನಲ್ಲಿ ಕರ್ತೋಜಿ ಹತ್ರ ಮಣ್ಣು ಜರೀತದೆ ಅಂತ ರಾತ್ರಿ ನಮ್ಮ ಈ ರಸ್ತೆ ಬಂದ್. ಇದ್ಯಾವುದೂ ತಮ್ಮ ತಪ್ಪಲ್ಲ ಬಿಡಿ. ಆದ್ರೆ ಬಿಲ್ಲು?

ಹೋಟ್ಲಿನವ್ರು ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕು ಅಂತ ಮೀಟಿಂಗಲ್ಲಿ ಭಾಷಣ ಮಾಡ್ತಾರಲ್ಲ, ನಾವು ಎಷ್ಟು ಬದಲಾಗಿದ್ದೀವಿ ಅಂತ ಕೇಳಿ. ಮೆನು ಎರಡು ಪೇಜ್ ಇದ್ದಿದ್ದು ಒಂದು ಬೋರ್ಡಿಗೆ ಬಂತು, ಅಕ್ಕಿ ರೊಟ್ಟಿ, ಕಡಂಬುಟ್ಟು ಅಂದ್ರೆ ಅಕ್ಕಿ ತರಿ ಉಂಡೆ, ಪಂದಿ ಕರಿ ಅಂದ್ರೆ ಹಂದಿ ಸಾರು, ಕೋಳಿ ಸಾರು, ಅನ್ನ, ತರಕಾರಿ ಪಲ್ಯ, ಅಷ್ಟೇ, ಫ್ರಿಡ್ಜಲ್ಲಿ ಕೊಳೆಯೋದು ನಿಂತಿತು. ಒಂಬತ್ತು ಜನ ಕೆಲಸದವ್ರು ಇದ್ದದ್ದು ಮೂರಾಯ್ತು. ಕೊರೋನಾ ಟೈಮಲ್ಲಿ ಪಾರ್ಸೆಲ್ ಶುರು ಮಾಡಿ ಮಗನೇ ಸ್ಕೂಟರಲ್ಲಿ ತಗೊಂಡ್ ಹೋಗಿ ಕೊಟ್ಟ. ಬೆಂಗಳೂರಿನ ಕಂಪ್ಯೂಟರ್ ಹುಡುಗ್ರಿಗೆ ವರ್ಕ್ ಫ್ರಂ ಹೋಮ್ ಅಂತ ತಿಂಗಳ ಲೆಕ್ಕದಲ್ಲಿ ರೂಮು ಕೊಟ್ವಿ, ಅವರಿಗೆ ವೈಫೈ ಬೇಕು, ವೈಫೈಗೆ ಇನ್ವರ್ಟರ್ ಬೇಕು, ಬಂದ ದುಡ್ಡಲ್ಲಿ ಅರ್ಧ ಅದಕ್ಕೇ ಹೋಯ್ತು. ಈಗ ನಾಲ್ಕು ರೂಮು ಬ್ಯಾಂಕಿನವ್ರಿಗೆ, ನರ್ಸ್‌ಗಳಿಗೆ ತಿಂಗಳ ಬಾಡಿಗೆಗೆ ಕೊಟ್ಟಿದ್ದೀವಿ. ಮಳೆಗಾಲಕ್ಕೆ ಅದೇ ಕೈ ಹಿಡಿಯೋದು, ಆದ್ರೆ ಡಿಸೆಂಬರ್ ಸೀಸನ್ನಲ್ಲಿ ಡಬಲ್ ರೇಟಿಗೆ ಕೇಳ್ಕೊಂಡ್ ಬಂದವ್ರಿಗೆ ಕೊಡೋಕೆ ರೂಮಿಲ್ಲ. ಇದನ್ನ ಯಾರೋ ಸ್ಟ್ರಾಟಜಿ ಅಂದ್ರು, ನಮ್ಮಲ್ಲಿ ಗತಿ ಇಲ್ಲದ್ದು ಅಂತಾರೆ.

ಒಂದು ಕಥೆ ಹೇಳ್ಲೇಬೇಕು. 2020ರ ಮಳೆಗಾಲ, ರೂಮೆಲ್ಲ ಖಾಲಿ. ತೋಟದಿಂದ ಪಣಪುಳಿ ಹಣ್ಣು ತಂದು ಬುಟ್ಟಿಲಿಟ್ಟು ರಸ ಇಳಿಸಿ ಕಪ್ಪಗೆ ಗಟ್ಟಿಯಾಗೋ ತನಕ ಕಾಯಿಸಿ ಕಾಚಂಪುಳಿ, ಅಂದ್ರೆ ಪಂದಿ ಕರಿಗೆ ಹಾಕೋ ಹುಳಿ, ಮಾಡಿ ಬಾಟ್ಲಿಗೆ ತುಂಬಿ ಗಲ್ಲಾ ಪಕ್ಕ ಇಟ್ಟೆ. ಒಂದು ದಿನ ಒಬ್ರು ಸಾಹೇಬ್ರು ಜೀಪಲ್ಲಿ ಬಂದ್ರು, ಹೋಟ್ಲು ಲೈಸೆನ್ಸಲ್ಲಿ ಬಾಟ್ಲಿ ತುಂಬಿ ಮಾರೋ ಹಾಗಿಲ್ಲ, ಲೇಬಲ್ಲೂ ಇಲ್ಲ ಅಂತ ಇಪ್ಪತ್ತೆರಡು ಬಾಟ್ಲಿ ಎತ್ತಿಸಿದ್ರು. ಲೇಬಲ್ ಇರಲಿಲ್ಲ, ಅದು ನನ್ನ ತಪ್ಪೇ, ಒಪ್ಕೋತೀನಿ. ಆಮೇಲೆ ಅಲ್ಲೇ ಕೂತು ರೊಟ್ಟಿ ಪಂದಿ ಕರಿ ತಿಂದು, ಇದಕ್ಕೆ ಎಲ್ಲಿನ ಕಾಚಂಪುಳಿ ಹಾಕ್ತೀರಮ್ಮ, ಭಾರಿ ರುಚಿ ಉಂಟು ಅಂತ ಕೇಳಿದ್ರು! ನಿಮ್ಮ ಜೀಪಲ್ಲಿ ಇದೆಯಲ್ಲ ಅದೇ ಸಾರ್ ಅಂದೆ. ರಸೀದಿ ಕೊಟ್ಟದ್ದು ಹದಿನಾಲ್ಕು ಬಾಟ್ಲಿಗೆ. ಉಳಿದ ಎಂಟು ಯಾರ ಮನೆ ಪಂದಿ ಕರಿಗೆ ಬಿತ್ತೋ ನಾನು ಕೇಳಲಿಲ್ಲ, ತಾವಾದ್ರೂ ಕೇಳಿ.

ಇನ್ನು ಕರೆಂಟು. ಫಿಕ್ಸೆಡ್ ಚಾರ್ಜ್ ಬರೋದು ಮಂಜೂರಾದ ಲೋಡಿನ ಮೇಲೆ, ಅಂದ್ರೆ ಎಷ್ಟು ಕರೆಂಟ್ ಎಳೀಬಹುದು ಅಂತ ಬರೆಸಿಕೊಂಡಿದ್ದರ ಮೇಲೆ, ಉರಿಸಿದ ಯೂನಿಟ್ ಮೇಲಲ್ಲ, ತಮಗೆ ಗೊತ್ತಿರೋದೇ. ಎಂಟು ಗೀಸರಿಗೆ ಬೇಕು ಅಂತ ತಗೊಂಡ ಲೋಡು ಅದು. ಜುಲೈನಲ್ಲಿ ಗೆಸ್ಟೇ ಇಲ್ಲ, ಇರೋ ನಾಲ್ಕು ಜನಕ್ಕೆ ಹಿಂದುಗಡೆ ಸೌದೆ ಒಲೆಯ ಹಂಡೇಲಿ ನೀರು ಕಾಯಿಸಿ ಕೊಡ್ತೀವಿ, ಆದ್ರೂ ಚಾರ್ಜು ಎಂಟು ಗೀಸರಿನ ಲೆಕ್ಕದಲ್ಲೇ. ಲೋಡ್ ಕಮ್ಮಿ ಮಾಡ್ಸಿ ಅಂತಾರೆ, ಮಾಡ್ಸಿದ್ರೆ ಡಿಸೆಂಬರಿಗೆ ಮತ್ತೆ ಅರ್ಜಿ, ಮತ್ತೆ ಡೆಪಾಸಿಟ್, ಮತ್ತೆ ಅಲೆದಾಟ. ಹೋದ ಮಳೆಗಾಲ ಮರ ಬಿದ್ದು ಐದು ದಿನ ಕರೆಂಟೇ ಇರಲಿಲ್ಲ ಸಾರ್, ಡೀಸೆಲ್ ಹಾಕಿ ಜನರೇಟರ್ ಓಡಿಸಿದ್ದು ನಾವು, ಆ ಐದು ದಿನಕ್ಕೂ ಚಾರ್ಜು! ಕತ್ತಲೆಗೂ ರೇಟ್ ಇದೆ ಅಂತ ಆವತ್ತು ಗೊತ್ತಾಯ್ತು.

ರೂಲ್ಸಲ್ಲಿ ಇಲ್ಲಮ್ಮ ಅಂತ ಮಾತ್ರ ಹೇಳ್ಬೇಡಿ. 2021ರಲ್ಲಿ ಕೊರೋನಾ ಅಂತ ಹೋಟ್ಲುಗಳಿಗೆ ಆಸ್ತಿ ತೆರಿಗೆ ಅರ್ಧ ಬಿಡ್ತೀವಿ ಅಂತ ಸರ್ಕಾರವೇ ಹೇಳಿತ್ತಲ್ಲ. ಕಾಯಿಲೆಗೊಂದು ನ್ಯಾಯ, ಗುಡ್ಡ ಕುಸಿದ್ರೆ ಒಂದು ನ್ಯಾಯವಾ? ಆವಾಗಲೂ ಮುಚ್ಚಿ ಅಂದದ್ದು ಸರ್ಕಾರ, ಈಗಲೂ ಮುಚ್ಚಿ ಅನ್ನೋದು ಸರ್ಕಾರ.

ಮುಚ್ಚಿ ಅಂದ್ರೆ ಮುಚ್ತೀವಿ. ಮುಚ್ಚಿದ ದಿನದ ಫಿಕ್ಸೆಡ್ ಚಾರ್ಜ್ ಬಿಡಿ, ಮುಚ್ಚಿದ ದಿನದ ಲೈಸೆನ್ಸ್ ಫೀಸ್ ಬಿಡಿ. ಆದೇಶದಲ್ಲೇ ಕೆಳಗೆ ಒಂದು ಸಾಲು ಸೇರಿಸಿದ್ರೆ ಮುಗೀತು, ಒಂದೇ ಸಾಲು.

ಕಳೆದ ಮೂರು ಮಳೆಗಾಲದ ಬಿಲ್ಲುಗಳ ಜೆರಾಕ್ಸ್ ತಮ್ಮ ಆಫೀಸಲ್ಲಿ ಕೊಟ್ಟಿದ್ದೀನಿ, ಸೀಲ್ ಹಾಕ್ಸಿಕೊಂಡು ಬಂದಿದ್ದೀನಿ. ಈ ತಿಂಗಳ ಬಿಲ್ಲು ಕಟ್ಟೋಕೆ ಕೊನೇ ದಿನ ಬರೋ ಸೋಮವಾರ.

ಇಂತಿ,
ಮಂಗಳೂರು ರಸ್ತೆಯ ಒಬ್ಬಳು ಹೋಟ್ಲಿನವಳು